ಏಳು ಎನ್ನದ ಎಣಿಕೆ

ನಮ್ಮ ಮನೆಯವರು ತೀರಿಕೊಂಡ ಐದನೇ ತಿಂಗಳಿಗೆ, ಅವರು ಮೊದಲು ಕುಣಿಯುತ್ತಿದ್ದ ತಂಡದಿಂದ ಫೋನ್ ಬಂತು. ಅವರು ಕೊನೆಯದಾಗಿ ಕಟ್ಟಿದ ನೃತ್ಯವನ್ನು ತಂಡದ ಹುಡುಗಿಯೊಬ್ಬಳು ಕಲಿತು ರಂಗದ ಮೇಲೆ ಮಾಡುತ್ತಾಳೆ, ವಿಡಿಯೋ ಇದೆ, ಅದರಲ್ಲಿ ಸದ್ದಿಲ್ಲ, ಎಣಿಕೆ ನೀವೇ ಹೇಳುತ್ತಿದ್ದಿರಂತೆ, ಅದನ್ನೊಮ್ಮೆ ಹೇಳಿಕೊಡಬೇಕು ಎಂದು ತಂಡ ನಡೆಸುವ ಮೇಡಂ ಕೇಳಿದರು. ನಾನು ಬನ್ನಿ ಎಂದೆ. ಹದಿನೆಂಟು ನಿಮಿಷದ ಆ ನೃತ್ಯ ಬಿಟ್ಟರೆ ಅವರದು ಎಂದು ಹೇಳುವಂಥದ್ದು ಬೇರೇನೂ ಉಳಿದಿರಲಿಲ್ಲ. ನಮಗೆ ಮಕ್ಕಳಿಲ್ಲ. ಅದು ಅವರು ಮಾಡಿದ ಹಾಗೆಯೇ ಉಳಿಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ಉಳಿಸುವುದು ನನ್ನ ಕೈಯಲ್ಲಿದೆ ಎಂದೂ ಅಂದುಕೊಂಡಿದ್ದೆ.

ಅವರು ಹರಪನಹಳ್ಳಿ ಕಡೆಯವರು, ನಾನು ಕೊಟ್ಟೂರಿನವಳು. ಅವರು ಇಪ್ಪತ್ತೆರಡನೇ ವಯಸ್ಸಿಗೆ ಬ್ಯಾಲೆ ಕಲಿಯಲು ಊರು ಬಿಟ್ಟವರು. ಎಂಟು ಹತ್ತು ವರ್ಷಕ್ಕೇ ಶುರು ಮಾಡುವ ವಿದ್ಯೆ ಅದು. ಕಲಿಸುವವರು ಮೊದಲ ದಿನವೇ ಅವರ ಪಾದ ನೋಡಿ, ನೀನು ಬಂದಿದ್ದೀಯ, ನಿನ್ನ ಕಾಲು ತಡ ಮಾಡಿ ಬಂದಿವೆ ಎಂದರಂತೆ. ಬ್ಯಾಲೆ ಪೂರ್ತಿ ಕೈ ಹತ್ತಲಿಲ್ಲ. ಅಲ್ಲಿಂದ ಆಧುನಿಕ ನೃತ್ಯಕ್ಕೆ ಹೋದರು. ಅದರಲ್ಲಿ ನೆಲಕ್ಕೆ ಬೀಳುವುದು, ಉರುಳುವುದು, ಮತ್ತೆ ಏಳುವುದು ಎಲ್ಲವೂ ನೃತ್ಯವೇ. ಹದಿನೈದು ವರ್ಷ ಅದನ್ನೇ ಮಾಡಿದರು. ಎಲ್ಲೆಲ್ಲೋ ಹೋಗಿ ಬಂದರು. ಮೊಣಕಾಲು ಸೋತ ಮೇಲೆ ನಾವಿಬ್ಬರೂ ಕೊಟ್ಟೂರಿಗೆ ಬಂದೆವು. ನಮ್ಮಪ್ಪನ ಮಂಡಕ್ಕಿ ವ್ಯಾಪಾರ ಆಗ ಅಣ್ಣನ ಕೈಗೆ ಬಂದಿತ್ತು. ಅಂಗಡಿ ಹಿಂದಿನ ಗೋದಾಮು ಅರ್ಧ ಖಾಲಿ ಇತ್ತು. ಆ ಅರ್ಧ ಇವರಿಗೆ, ಇನ್ನರ್ಧ ಮಂಡಕ್ಕಿ ಚೀಲಗಳಿಗೆ.

ಹೊಟ್ಟೆಪಾಡಿಗೆ ಶಾಲೆಗಳ ವಾರ್ಷಿಕೋತ್ಸವಕ್ಕೆ, ನಮ್ಮ ಕಡೆಯ ಗ್ಯಾದರಿಂಗಿಗೆ, ಮಕ್ಕಳಿಗೆ ಕುಣಿತ ಕಲಿಸುತ್ತಿದ್ದರು. ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ, ಎಲ್ಲ ಕಡೆ ಬಸ್ಸಿನಲ್ಲೇ ಓಡಾಟ. ಅಲ್ಲಿ ಬೇಕಿದ್ದದ್ದು ಸಿನಿಮಾ ಹಾಡು. ಅದನ್ನೂ ಅವರು ಬೇಸರವಿಲ್ಲದೆ ಮಾಡುತ್ತಿದ್ದರು. ಸ್ವಂತದ್ದು ಬೆಳಿಗ್ಗೆ ಗೋದಾಮಿನಲ್ಲಿ. ಹಿಡಿದುಕೊಂಡು ಕಾಲು ಮಡಿಸಿ ಚಾಚಲು ಗೋಡೆಗೆ ಸೊಂಟದೆತ್ತರಕ್ಕೆ ಒಂದು ನೀರಿನ ಪೈಪು ಹೊಡೆಸಿದ್ದರು. ಮಗ್ಗುಲ ಮನೆಯ ಅಜ್ಜಿ ಅದನ್ನು ನೋಡಿ, "ಬಟ್ಟಿ ಒಣ ಹಾಕಾಕ ಇಷ್ಟ್ ಕೆಳಗ್ಯಾಕ ಹೊಡಿಸೀಯೋ ತಮ್ಮಾ? ಸೀರಿ ನೆಲಕ್ಕ ಹತ್ತತೈತಿ" ಎಂದಳು.

"ಬಟ್ಟಿಗಲ್ಲಬೇ ಯವ್ವಾ. ನನ್ನ ಒಣ ಹಾಕಾಕ" ಎಂದರು.

ಅಜ್ಜಿ ಕೇಳಲಿಲ್ಲ. ಅವರು ಊರಲ್ಲಿ ಇಲ್ಲದ ದಿನ ಎರಡು ಕಂಬಳಿ ತಂದು ಅದರ ಮೇಲೆ ಹಾಕಿ ಹೋಗುತ್ತಿದ್ದಳು.

ಆ ಕೊನೆಯ ನೃತ್ಯಕ್ಕೆ ಅವರು ಹಾಡು ಹುಡುಕಿದರು, ಯಾವುದೂ ಹಿಡಿಸಲಿಲ್ಲ. ಒಂದು ದಿನ ನಾನು ಗೋದಾಮಿನ ಚೀಲಗಳ ಕಡೆ ಕೂತು ಅಂಗಡಿಗೆ ಮಂಡಕ್ಕಿ ಅಳೆಯುತ್ತಿದ್ದೆ. ಮಂಡಕ್ಕಿಯನ್ನು ನಮ್ಮಲ್ಲಿ ಇವತ್ತಿಗೂ ಸೇರಿನಲ್ಲೇ ಅಳೆಯುತ್ತೇವೆ. "ಹಂಗ ಜೋರಾಗಿ ಎಣಿಸು. ಎಂಟರ ತನಕ. ಮತ್ತ ಮೊದಲಿಂದ" ಎಂದರು.

ನಾನು ನನಗೆ ಬಂದ ಹಾಗೆ, ಒಂದು ಎನ್ನುವ ಕಡೆ ಅಂಗಡಿಯ ರೂಢಿಯ ಲಾಭ ಎನ್ನುತ್ತ, ಎಣಿಸಿದೆ. ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತೊಂದು, ಎಂಟು.

ಮೊದಲನೆಯದಕ್ಕೇ ಅವರು ನಕ್ಕು ನಿಂತುಬಿಟ್ಟರು. "ಇಷ್ಟ್ ವರ್ಷದಾಗ ಡ್ಯಾನ್ಸಿನ್ಯಾಗ ಲಾಭ ಅನ್ನೋ ಮಾತು ಕೇಳಿದ್ದು ಇವತ್ತ ನೋಡು" ಎಂದರು. ಮತ್ತೆ ಶುರು ಮಾಡಿದರು. ಆರಕ್ಕೆ ನೆಲಕ್ಕೆ ಮಲಗಿದರು. ನಾನು ಮತ್ತೊಂದು ಎಂದೆ. ಅವರು ಎದ್ದು ಮೂಲೆಗೆ ಹೋಗಿ ಮೊದಲಿನಿಂದ ಮಾಡತೊಡಗಿದರು. ಹೀಗೆ ಮೂರು ಸಲವಾಯಿತು. ಕಡೆಗೆ ಬೆವರು ಒರೆಸುತ್ತ ಬಂದು ನನ್ನೆದುರು ಕೂತರು.

"ಎಷ್ಟ್ ಸಲ ಮತ್ತೊಂದು, ಮತ್ತೊಂದು ಅಂತೀಯಲೇ? ಏನ್ ತಪ್ಪಾತು ಅದನ್ನರ ಹೇಳು."

"ತಪ್ಪಲ್ರಿ. ಅದು ಆರರ ಮುಂದಿಂದು."

"ಆರರ ಮುಂದಿಂದು ಏಳು."

"ನಮ್ಮಪ್ಪನ ಅಂಗಡ್ಯಾಗ ಏಳು ಅನ್ನಂಗಿಲ್ರಿ. ಅಳಿಯುವಾಗ ಏಳು ಅಂದ್ರ ಲಕ್ಷ್ಮಿ ಎದ್ದು ಹೊಕ್ಕಾಳ. ಅದಕ್ಕ ಮತ್ತೊಂದು ಅನ್ನೋದು."

ಅವರು ನನ್ನ ಕೈಯ ಸೇರು ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ, "ನಮಗ ಕಲಿಸಿದವ್ರೆಲ್ಲಾ ಏಳಕ್ಕ ಎಬ್ಬಿಸ್ತಿದ್ರು. ಎಂಟಕ್ಕ ನೆಟ್ಟಗ ನಿಂತಿರಬೇಕು" ಎಂದರು. "ನೀ ಏಳು ಅನ್ನಬ್ಯಾಡ. ನಾನೂ ಏಳಂಗಿಲ್ಲ."

ಅಲ್ಲಿಂದ ಆ ನೃತ್ಯ ತಿರುಗಿತು. ಆರಕ್ಕೆ ಮಲಗಿದವರು ಮತ್ತೊಂದಕ್ಕೆ ಏಳುತ್ತಿರಲಿಲ್ಲ. ಒಂದು ಕೈ ಮಾತ್ರ ನೆಲದ ಮೇಲೆ ಏನನ್ನೋ ಗುಡಿಸುವ ಹಾಗೆ ಸರಿಯುತ್ತಿತ್ತು. ನಾನು ಎಂಟು ಎನ್ನುವಷ್ಟರಲ್ಲಿ ನಿಂತಿರುತ್ತಿದ್ದರು. ಯಾವಾಗ ಎದ್ದರು ಎಂಬುದು ನನಗೆ ಒಂದು ದಿನವೂ ತಿಳಿಯಲಿಲ್ಲ. ಇಡೀ ನೃತ್ಯದಲ್ಲಿ ಈ ಜಾಗ ಒಂಬತ್ತು ಸಲ ಬರುತ್ತದೆ. "ಮತ್ತೊಂದಕ್ಕೂ ಎಂಟಕ್ಕೂ ನಡುವ ಐತಲ್ಲ, ಅಲ್ಲೇ ಐತಿ ನನ್ನ ಡ್ಯಾನ್ಸು. ಉಳಿದಿದ್ದೆಲ್ಲಾ ಕಸರತ್ತು" ಎನ್ನುತ್ತಿದ್ದರು.

ಅದೇ ವರ್ಷ ಅವರ ಕಾಲು ಬಾತುಕೊಳ್ಳತೊಡಗಿದವು. ಮೊಣಕಾಲಿನದೇ ತೊಂದರೆ ಎಂದು ನಾವು ಎಣ್ಣೆ ಹಚ್ಚುತ್ತ ಕೂತೆವು. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಎಂದರು. ಎಷ್ಟು ವರ್ಷದಿಂದ ನೋವಿನ ಗುಳಿಗೆ ನುಂಗುತ್ತಿದ್ದೀರಿ ಎಂದು ಡಾಕ್ಟರು ಕೇಳಿದರೆ, ಇವರು ಲೆಕ್ಕ ಹಾಕುವವರಂತೆ ಮೇಲೆ ನೋಡಿದರು. ಪ್ರದರ್ಶನದ ದಿನ ಒಂದು, ತಾಲೀಮಿನ ದಿನ ಒಂದು, ಬಸ್ಸಿನಲ್ಲಿ ಬಹಳ ಹೊತ್ತು ಕೂತರೆ ಒಂದು. ತಂಡದಲ್ಲಿ ಎಲ್ಲರೂ ಹಾಗೆಯೇ, ಶೇಂಗಾ ಹಂಚಿದ ಹಾಗೆ ಹಂಚಿಕೊಳ್ಳುತ್ತಿದ್ದರಂತೆ. ನಾನೇ ಎಷ್ಟೋ ಸಲ ನೀರು ಕೊಟ್ಟು ನುಂಗಿಸಿದ್ದೇನೆ.

ವಾರಕ್ಕೆ ಎರಡು ದಿನ ಡಯಾಲಿಸಿಸ್ಸಿಗೆ ಹೋಗಿ ಬರುತ್ತಿದ್ದೆವು. ಉಳಿದ ದಿನ, ಆದಷ್ಟು, ಗೋದಾಮಿನಲ್ಲಿ. ಬೇಡ ಎಂದರೆ ಕೇಳುತ್ತಿರಲಿಲ್ಲ, ಎಣಿಸು ಎನ್ನುತ್ತಿದ್ದರು. ಎಣಿಸುತ್ತಿದ್ದೆ. ಚೀಲಕ್ಕೆ ಫೋನು ಆನಿಸಿಟ್ಟು, ಒಂದೊಂದು ದಿನ ಒಂದೊಂದು ತುಂಡಾಗಿ ವಿಡಿಯೋ ಮಾಡಿದ್ದು ಆಗಲೇ. ಎಣಿಕೆ ಕೇಳಿಸಿದರೆ ಜನ ನಿನ್ನನ್ನೇ ಕೇಳುತ್ತಾ ಕೂರುತ್ತಾರೆ ಎಂದು ಸದ್ದು ತೆಗೆದು ತಂಡಕ್ಕೆ ಕಳಿಸಿದರು. ಅವರ ಫೋನು, ಸದ್ದಿದ್ದ ವಿಡಿಯೋ ಸಮೇತ, ಆಸ್ಪತ್ರೆಯ ಓಡಾಟದಲ್ಲಿ ಎಲ್ಲೋ ಕಳೆಯಿತು. ಆಗ ಫೋನಿನ ಚಿಂತೆ ಯಾರಿಗಿತ್ತು.

ಮೇಡಂ ಮತ್ತು ಆ ಹುಡುಗಿ ಹೊಸಪೇಟೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಬಂದಿಳಿದರು. ಮೇಡಂಗೆ ಐವತ್ತರ ಮೇಲೆ, ಹುಡುಗಿಗೆ ಇಪ್ಪತ್ನಾಲ್ಕು. ಹುಡುಗಿ ಬಂದವಳೇ ನನ್ನ ಕಾಲಿಗೆ ಬಿದ್ದಳು. ಗೋದಾಮಿನ ನೆಲದ ಮೇಲೆ ಅಂಗೈ ಊರಿ, "ಕಡಪ ಕಲ್ಲಾ ಅಕ್ಕ? ಸರ್ ಇದರ ಮೇಲೇ ಬೀಳ್ತಿದ್ರಾ?" ಎಂದಳು.

ಮೇಡಂ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು. ವಿಡಿಯೋ ನೋಡಿ ಒಂಬತ್ತೂ ಜಾಗವನ್ನು ಗಡಿಯಾರ ಹಿಡಿದು ಅಳೆದಿದ್ದರು. ಒಂದು ಕಡೆ ನಾಲ್ಕು ಸೆಕೆಂಡು, ಒಂದು ಕಡೆ ಹನ್ನೊಂದು, ಒಂದಕ್ಕೊಂದು ಸಂಬಂಧವೇ ಇಲ್ಲ. "ಇದಕ್ಕೊಂದು ಲೆಕ್ಕ ಇರಲೇಬೇಕಲ್ವಾ? ನೀವು ಎಣಿಸೋದು ಕೇಳಿದ್ರೆ ಗೊತ್ತಾಗುತ್ತೆ" ಎಂದರು.

ನಾನು ಸೇರು ಹಿಡಿದು ರಾಶಿಯ ಮುಂದೆ ಕೂತೆ. ಕೈಗೆ ಕೆಲಸ ಇಲ್ಲದಿದ್ದರೆ ನನಗೆ ಎಣಿಕೆ ಬಾಯಿಗೆ ಬರುವುದಿಲ್ಲ. ಲಾಭ ಎಂದೆ. ಹುಡುಗಿ ಮೂಲೆಯಿಂದ ಹೊರಟಳು. ಏನು ಚೆನ್ನಾಗಿ ಮಾಡಿದಳೆಂದರೆ, ಕೈ, ಬೆನ್ನು, ಬೀಳುವ ರೀತಿ, ಎಲ್ಲ ಅವರದೇ. ಆರಕ್ಕೆ ಮಲಗಿದಳು. ನಾನು ಮತ್ತೊಂದು ಎಂದೆ. ಅವಳು ದಡಕ್ಕನೆ ಎದ್ದು ಮೂಲೆಗೆ ಓಡಿದಳು.

ನಾನು ನಕ್ಕೆ. ಅಷ್ಟು ತಿಂಗಳಲ್ಲಿ ಮೊದಲ ಸಲ. ಅಂಗಡಿಯ ಪದ್ಧತಿ ಹೇಳಿದೆ. ಇಬ್ಬರೂ ನಕ್ಕರು, ಮೇಡಂ ಬರೆದುಕೊಂಡರು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಮತ್ತೆ ಶುರುವಾಯಿತು. ಹುಡುಗಿ ಮಲಗಿದಳು, ಅವಳ ಕೈ ನೆಲದ ಮೇಲೆ ಸರಿಯಿತು. ನಾನು ಎಂಟು ಎನ್ನಬೇಕು. ಯಾವಾಗ ಎನ್ನಬೇಕೆಂದು ನನಗೆ ಗೊತ್ತಾಗಲಿಲ್ಲ. ಅಂದಾಜಿಗೆ ಅಂದೆ. ಮುಂದಿನ ಸಲ ಬೇರೆ ಅಂದಾಜಿಗೆ ಅಂದೆ. ಹುಡುಗಿ ನಿಂತು, "ಅಕ್ಕ, ಮೊದಲನೇ ಸಲ ತಡ ಮಾಡಿದ್ರಿ, ಈಗ ಬೇಗ ಹೇಳಿದ್ರಿ. ಯಾವುದು ಸರಿ?" ಎಂದು ಕೇಳಿದಳು.

ನಮ್ಮ ಮನೆಯವರು ನನ್ನ ಎಣಿಕೆಗೆ ಕುಣಿಯುತ್ತಾರೆ ಎಂದೇ ಅಷ್ಟು ದಿನ ತಿಳಿದಿದ್ದೆ. ಹಾಗಿರಲಿಲ್ಲ. ಮಲಗಿದಾಗ ಅವರ ಬೆನ್ನು ಏದುಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು. ಅದು ಒಂದು ಹದಕ್ಕೆ ಬರುವವರೆಗೆ ನನ್ನ ಕೈಯಲ್ಲಿ ಸೇರು ಹಾಗೇ ನಿಂತಿರುತ್ತಿತ್ತು, ಆಮೇಲೆ ಎಂಟು ಎನ್ನುತ್ತಿದ್ದೆ. ಕಾಯುತ್ತಿದ್ದೇನೆ ಎಂಬುದು ನನಗೇ ತಿಳಿದಿರಲಿಲ್ಲ. ಡಯಾಲಿಸಿಸ್ ಆದ ಮರುದಿನ ಬೇಗ ಅಂದಿರಬೇಕು, ಮೈಯಲ್ಲಿ ನೀರು ತುಂಬಿದ ದಿನ ತಡವಾಗಿ. ಆ ನಾಲ್ಕು, ಆ ಹನ್ನೊಂದು ಎಲ್ಲ ಅವೇ. ಈ ಹುಡುಗಿಗೆ ಏದುಸಿರೇ ಬರುತ್ತಿರಲಿಲ್ಲ. ಅವಳ ಬೆನ್ನು ನೋಡಿ ನಾನು ಏನು ಹೇಳಲಿ?

ಮೇಡಂಗೆ ಇದನ್ನು ತಿಳಿದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ಅಂದ್ರೆ ಅವರ ಉಸಿರಿಗೆ ನೀವು ಕಾಯ್ತಿದ್ರಿ."

"ಹೌದ್ರಿ. ಅವರು ನನ್ನ ಬಾಯಿಗೆ ಕಾಯ್ತಿದ್ರೋ ಏನೋ. ಈಗ ಯಾರನ್ನ ಕೇಳೋದ್ರಿ?"

"ಹಾಗಿದ್ರೆ ಬರೆಯೋಕೆ ಆಗಲ್ಲ" ಎಂದರು ಮೇಡಂ. ಪೆನ್ನು ಮತ್ತೆ ಎತ್ತಿಕೊಂಡು, "ಬರೀದೆ ಇದ್ರೂ ಆಗಲ್ಲ. ಮುಂದಿನ ತಿಂಗಳು ಶೋ ಇದೆ" ಎಂದರು.

ಹುಡುಗಿ ಮಾತ್ರ ಸೋಲಲಿಲ್ಲ. ನೀವು ನೋಡ್ತಾ ಇರಿ ಅಕ್ಕ, ಸರ್ ಮಾಡಿದ ಹಾಗೆ ಬಂದ ಕೂಡಲೇ ಹೇಳಿಬಿಡಿ ಎಂದಳು. ಎಣಿಕೆ ಬಿಟ್ಟು ನೋಡಿದೆವು, ಎಣಿಸಿ ನೋಡಿದೆವು, ಮೇಡಂ ಫೋನಿನಲ್ಲಿ ಟಕ್ ಟಕ್ ಎಂದು ತಾಳ ಹಚ್ಚಿ ನೋಡಿದರು. ಊಟವಾದ ಮೇಲೂ ನಡೆಯಿತು. ಹನ್ನೊಂದು ಸಲ ಆ ಕಲ್ಲಿನ ಮೇಲೆ ಬಿದ್ದಳು. ಪ್ರತಿ ಸಲ ನಾನು, "ಹಿಂಗಲ್ಲವ್ವ" ಎಂದೆ. ಹಾಗಾದರೆ ಹೇಗೆ ಎಂದು ಅವಳು ಕೇಳಲಿಲ್ಲ, ನನಗೆ ಅದು ಗೊತ್ತಿಲ್ಲ ಎಂದು ಅವಳಿಗೆ ಅಷ್ಟೊತ್ತಿಗೆ ತಿಳಿದಿತ್ತು. ಎಡ ಮೊಣಕಾಲು ಊದಿತ್ತು. ಗೋಡೆಗೆ ಒರಗಿ ಕೂತವಳು ಚೀಲದಿಂದ ಗುಳಿಗೆಯ ಪಟ್ಟಿ ತೆಗೆದಳು. ಅರ್ಧ ಖಾಲಿಯಾಗಿತ್ತು.

"ಏನವ್ವ ಅದು?"

"ನೋವಿಗೆ ಅಕ್ಕ. ಇದೊಂದು ತಗೊಂಡ್ರೆ ಇನ್ನೂ ಒಂದು ಹತ್ತು ಸಲ ಬೀಳಬಹುದು."

"ತಗೋಬ್ಯಾಡ ತಂಗಿ. ಅವ್ರಿಗೂ ಇದರಿಂದನೇ ಆಗಿದ್ದು."

"ಗೊತ್ತಕ್ಕ" ಎಂದಳು. ನೀರಿಲ್ಲದೆ ನುಂಗಿದಳು. ಮೇಡಂ ನೆಲ ನೋಡುತ್ತಿದ್ದರು.

ಮತ್ತೆ ಮೂಲೆಗೆ ಹೋಗಿ ನಿಂತಳು. ನಾನು ಸರಿ ಎನ್ನುವವರೆಗೆ ಅವಳು ನಿಲ್ಲಿಸುವವಳಲ್ಲ. ಲಾಭ ಎಂದೆ. ಬಂದಳು, ಬಿದ್ದಳು. ಮತ್ತೊಂದು ಎಂದೆ. ಅವಳ ಮೈ ತಾನು ಕಲಿತ ಹಾಗೆ, ಏಳಕ್ಕೆ ಏಳುವ ಹಾಗೆ, ಎಲ್ಲರಿಗೂ ಕಾಣುವಂತೆ ಎದ್ದಿತು. ಎಂಟಕ್ಕೆ ನೆಟ್ಟಗೆ ನಿಂತಿದ್ದಳು. ಅವರು ಯಾವುದು ಬೇಡ ಎಂದಿದ್ದರೋ ಅದೇ ಆಗಿತ್ತು.

ಮೇಡಂ, "ಇದು?" ಎಂದರು.

"ಹ್ಞೂಂರಿ. ಇದ ನೋಡ್ರಿ. ಹಿಂಗ ಮಾಡ್ತಿದ್ರು" ಎಂದೆ.

"ಒಂಬತ್ತೂ ಸಲ?"

"ಒಂಬತ್ತೂ ಸಲ ಹಿಂಗ."

ಮೇಡಂ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ಅಪ್ಪಿಕೊಂಡಳು. ಅವಳ ಮೈ ಕಾದ ಬಾಣಲೆಯ ಹಾಗೆ ಸುಡುತ್ತಿತ್ತು. ಬಟ್ಟೆಯಲ್ಲಿ ಐಸು ಸುತ್ತಿ ಅವಳ ಮೊಣಕಾಲಿಗೆ ಕಟ್ಟಿ, ಸಂಜೆ ಬಸ್ಸಿಗೆ ಕೂಡಿಸಿ ಬಂದೆ.

ಆ ನೃತ್ಯ ಇಲ್ಲಿಯವರೆಗೆ ಮೂರು ಊರುಗಳಲ್ಲಿ ಆಗಿದೆಯಂತೆ. ಕರೆದಿದ್ದರು, ನಾನು ಹೋಗಲಿಲ್ಲ. ಮೊನ್ನೆ ಹುಡುಗಿ ಫೋನ್ ಮಾಡಿ, ಸರ್ ಮಾಡಿದ ಹಾಗೇ ಬಂತು ಅಂತ ಎಲ್ಲ ಅಂದ್ರು ಅಕ್ಕ ಎಂದಳು. ಚಲೋ ಆತವ್ವ ಎಂದೆ. ಮೊಣಕಾಲು ಹೆಂಗೈತಿ ಎಂದು ಕೇಳಿದೆ. ಶೋ ಇದ್ದ ದಿನ ಅಷ್ಟೇ ನೋಯೋದು ಎಂದಳು. ವಾರಕ್ಕೆ ಎಷ್ಟು ಶೋ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳನ್ನು ಯಾರೋ ತಾಲೀಮಿಗೆ ಕರೆದರು.