ಹಿತಕಿದ ಬೇಳೆ

ವಿಜಯನಗರದ ಆ ಕ್ಲಿನಿಕ್ಕಿನ ಬಾಗಿಲ ಮೇಲೆ ಆಕ್ಯುಪೇಷನಲ್ ಥೆರಪಿ ಎಂದು ಬರೆದಿತ್ತು. ಆಕ್ಯುಪೇಷನ್ ಎಂದರೆ ಉದ್ಯೋಗ ಎನ್ನುವಷ್ಟು ಇಂಗ್ಲಿಷು ನನಗೂ ಬರುತ್ತದೆ. ಸ್ಟ್ರೋಕ್ ಹೊಡೆದು ಬಲಗೈ ಸೋತಿದ್ದ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದವನೇ, ಇವರು ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸಿದವರು, ಕೂತು ಮಾಡುವ ಕೆಲಸ ಯಾವುದಾದರೂ ಕೊಡಿಸಿ ಎಂದು ಥೆರಪಿಸ್ಟ್ ಮೇಡಂಗೆ ಕೈಮುಗಿದೆ. ಅಪ್ಪ ನನ್ನನ್ನು ನೋಡಿದ ನೋಟಕ್ಕೆ, ತಲೆಗೆ ಪೆಟ್ಟಾದದ್ದು ಇಬ್ಬರಲ್ಲಿ ಯಾರಿಗೆ ಎಂದು ಮೇಡಂಗೂ ಅನುಮಾನ ಬಂದಿರಬೇಕು.

ಅವರು ನಗಲಿಲ್ಲ. ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು, ಊಟ ಮಾಡುವುದು, ಸದ್ಯಕ್ಕೆ ಇವರ ಕೆಲಸ ಅದೇ ಎಂದರು. ಆಮೇಲೆ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು.

"ನಿಮಗೆ ಮೊದ್ಲು ಯಾವ್ದು ಬೇಕು ಸಾರ್?"

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ನಾವೇ ಎತ್ತುತ್ತಿದ್ದೆವು, ನಾವೇ ಕೂರಿಸುತ್ತಿದ್ದೆವು. ಅವನು ತನ್ನ ಬಲಗೈ ನೋಡಿಕೊಂಡು, ತೊದಲುತ್ತಾ, "ಮುದ್ದೆ... ನಾನೇ ಮುರೀಬೇಕು," ಎಂದ.

ಎಡಗೈಯಲ್ಲಿ ಉಣ್ಣಲು ಅವನಿಗೆ ಮನಸ್ಸು ಒಪ್ಪದು. ಮುದ್ದೆಗೆ ಚಮಚ ಎಂದರೆ ಇನ್ನೂ ಅವಮಾನ. ಲಗ್ಗೆರೆಯ ನಮ್ಮ ಮನೆಯಲ್ಲಿ ಅಮ್ಮ ಕದ ಹಾಕಿಕೊಂಡು ಅವನಿಗೆ ಉಣಿಸುತ್ತಿದ್ದಳು. ಅಕ್ಕಪಕ್ಕದವರು ಬಂದರೆ ಅವನು ತುತ್ತು ಬಾಯಲ್ಲೇ ಇಟ್ಟುಕೊಂಡು ಗೋಡೆಗೆ ಮುಖ ತಿರುಗಿಸುತ್ತಿದ್ದ.

ಮೇಡಂ ಕೊಟ್ಟ ರಬ್ಬರ್ ಚೆಂಡನ್ನು ಮಕ್ಕಳಾಟ ಎಂದು ಅಪ್ಪ ಮುಟ್ಟಲಿಲ್ಲ. ಮನೆಯಲ್ಲಿ ಈಗ ಏನು ಅಡುಗೆ ಎಂದು ಅವರು ಕೇಳಿದರು. ಅವರೆ ಕಾಲ, ಇನ್ನೇನಿರುತ್ತದೆ ಎಂದೆ. ಹಾಗಾದರೆ ನೆನೆಸಿದ ಅವರೆಕಾಳು ಹಿತಕಲಿ, ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಲಿ, ಮುದ್ದೆ ಮುರಿಯುವುದಕ್ಕೂ ಅದೇ ಹಿಡಿತ ಬೇಕು ಎಂದರು. ದಿನಾ ಅಡುಗೆಗೆ ಮುಂಚೆ ಮಾಡಬೇಕು, ಅದೇ ಬೇಳೆ ಸಾರಿಗೆ ಬೀಳಬೇಕು. ಹೊರಡುವಾಗ ನನಗೂ ಒಂದು ಮಾತು ಹೇಳಿದರು: ನೀವು ಕೈ ಹಾಕಬೇಡಿ.

ಮೊದಲ ದಿನ ಒಂದು ಕಾಳೂ ಸಿಪ್ಪೆ ಬಿಡಲಿಲ್ಲ. ಅಪ್ಪ ಬಟ್ಟಲು ತಳ್ಳಿದ. ನನ್ನ ಕರುಣೆ ಉಕ್ಕಿತು. ಮಾರನೆಯ ದಿನ ಯಾರಿಗೂ ಹೇಳದೆ ಕಾಳಿಗೆ ಕುದಿಯುವ ನೀರು ಹೊಯ್ದೆ. ಬೆರಳು ತಾಕಿದ್ದೇ ತಡ, ಬೇಳೆಗಳು ಬಸ್ ಬಂತೆಂಬಂತೆ ಎದ್ದುಬಿದ್ದು ಹೊರಗೆ ಬಂದವು. ಅಪ್ಪ ಅಮ್ಮನನ್ನು ಕೂಗಿ ತೋರಿಸಿದ. ಸೊಟ್ಟಗಾಗಿದ್ದ ಬಾಯಲ್ಲೇ ನಕ್ಕ. ಇನ್ನು ಮೇಡಂ ನನ್ನನ್ನೇ ಕ್ಲಿನಿಕ್ಕಿಗೆ ಸೇರಿಸಿಕೊಳ್ಳಬೇಕು ಅಂದುಕೊಂಡೆ.

ಆಮೇಲೆ ಅವನು ಒಂದು ಬೇಳೆಯನ್ನು ಎಡಗೈಗೆ ತೆಗೆದುಕೊಂಡು ಒತ್ತಿ ನೋಡಿದ. ಅದು ಹಿಟ್ಟಾಯಿತು. ಲೇತಿಗೆ ಕಟ್ಟುವ ಲೋಹದ ತುಂಡಿಗೆ ಅವನು ಜಾಬ್ ಎನ್ನುತ್ತಿದ್ದ, ಅದನ್ನು ಕೊರೆಯುವ ಉಳಿಗೆ ಟೂಲ್; ಜಾಬನ್ನು ಮುಟ್ಟಿಯೇ ಅದರ ಗುಣ ಹೇಳುತ್ತಿದ್ದ.

"ಜಾಬ್ ಮೆತ್ತಗಿದ್ರೆ ಟೂಲ್ ಚೂಪಾಯ್ತು ಅಂತ ಅಲ್ಲ ಕಣೋ," ಎಂದ.

ಆ ಮಧ್ಯಾಹ್ನ ಅವನು ಉಣ್ಣಲಿಲ್ಲ. ಅಮ್ಮ ಕದ ತೆಗೆದು, ಮುದ್ದೆಯ ತಟ್ಟೆ ಹಾಗೇ ಹಿಡಿದು ಹೊರಗೆ ಬಂದಳು.

ಮರುದಿನ ಕಾಳು ತಣ್ಣೀರಲ್ಲೇ ನೆನೆಯಬೇಕೆಂದು ಅಪ್ಪನೇ ಹೇಳಿದ. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎದುರಿಗೆ ಕೂತೆ. ಅವನು ಒಂದು ಕಾಳಿಗೆ ಪಡುವ ಪಾಡು ನೋಡುತ್ತಾ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಕಾಳು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದ. ಎಷ್ಟೋ ದಿನದ ಮೇಲೆ ಒಂದು ಬೇಳೆ ಹಾರಿ ನನ್ನ ಹಣೆಗೆ ಬಡಿಯಿತು. ಅವನು ಇನ್ನೊಂದು ಕಾಳು ತೆಗೆದುಕೊಂಡ.

ಅವರೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಮ್ಮ ಕದ ಹಾಕಲಿಲ್ಲ. ಅಪ್ಪ ನಡುಮನೆಯಲ್ಲಿ ನನ್ನ ಪಕ್ಕ ಕೂತ. ನನ್ನ ತಟ್ಟೆ ಮುಂದಿದ್ದರೂ ನಾನು ಕೈಗಳನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿದೆ. ಬಲಗೈ ನಡುಗುತ್ತಾ ಮುದ್ದೆಗೆ ಇಳಿಯಿತು. ಮುರಿದ ತುಂಡು ಒಮ್ಮೆ ಸಾರಿಗೆ ಬಿತ್ತು, ಸಾರು ಮೊಣಕೈವರೆಗೆ ಇಳಿಯಿತು. ತೊಡೆಯ ಕೆಳಗಿನಿಂದ ನನ್ನ ಕೈ ತಾನಾಗಿ ಅವನ ತಟ್ಟೆಯ ಕಡೆ ಹೊರಟಿತು.

"ನಿನ್ ಮುದ್ದೆ ತಿನ್ನೋ," ಎಂದ ಅಪ್ಪ. "ಆರೋಗುತ್ತೆ."

ಆರಿಹೋಗಿತ್ತು. ತಿಂದೆ.