ಮೆಂಬರ್ ದೊರೆಯ ಚಪ್ಪಡಿ

ಕಿರುಗಾವಲು ದಾಟುತ್ತಲೇ ಬಸ್ಸು ಕೆಟ್ಟಿತು. ಟೀ ಅಂಗಡಿಯ ಪಕ್ಕದಲ್ಲೊಂದು ಹಳೆಯ ಸಮಾಧಿ. ಅದರ ಚಪ್ಪಡಿ ಒಂದು ಕಡೆ ಬಟ್ಟಲಿನಂತೆ ಸವೆದಿತ್ತು.

"ಮೆಂಬರ್ ದೊರೆದು ಕಣಪ್ಪ," ಎಂದರು ಅಂಗಡಿಯ ಸಾಕಮ್ಮ. "ಇಂಗ್ಲೆಂಡಿಂದ ಬಂದು ಕೋಲಾರದ ಚಿನ್ನದ ಗಣೀಲಿ ಕೆಲ್ಸಕ್ಕೆ ಸೇರ್ಕಂಡಿದ್ನಂತೆ. ಒಂದ್ಸಲ ಮಣ್ಣು ಕುಸ್ದು ಒಳಗೇ ಸಿಕ್ಕಾಕ್ಕೊಂಡು, ಬಂಡೆ ಕುಟ್ಟಿ ಕುಟ್ಟಿ ಮೇಲ್ನೋರಿಗೆ ಗೊತ್ತುಮಾಡಿ ಬದುಕ್ದ. ಆಮೇಕೆ ಬ್ರಿಟಿಸರ ಕಾಲದ ಕಾನೂನು ಸಭೇಲಿ ಮೆಂಬರಾದ. ಅಲ್ಲೂವೆ ಗಣಿ ಆಳುಗಳ ಮಾತೇ ಆಡ್ತಿದ್ದ. ಕೊನೇಗೆ ಇಲ್ಲಿ ಜಮೀನು ತಕ್ಕಂಡು ಇಲ್ಲೇ ಸತ್ತ."

ಈಗಲೂ ಊರಿನಲ್ಲಿ ಯಾರಾದರೂ ಬಾವಿಗಿಳಿಯುವ ಮುಂಚೆ ಮನೆಯವರು ಬಂದು ಈ ಕಲ್ಲು ಕುಟ್ಟುತ್ತಾರಂತೆ. ಕಲ್ಲು ಸುಮ್ಮನಿದ್ದರೆ ಇಳಿಯಬಹುದು. ಒಳಗಿನಿಂದ ಮರುಸದ್ದು ಬಂದರೆ ಅಂದು ಯಾರೂ ಇಳಿಯುವುದಿಲ್ಲ.

"ಆ ಸದ್ದು ನೀವು ಕೇಳಿದ್ದೀರಾ?" ಎಂದೆ.

"ನಮ್ಮತ್ತೆ ಕೇಳಿದ್ರು. ಮಾವ ನಂಬ್ನಿಲ್ಲ, ಇಳುದ್ಬುಟ್ರು. ಮತ್ತೆ ಮೇಲಕ್ಕೆ ಬರ್ನಿಲ್ಲ."

ನಮ್ಮ ಬಸ್ಸು ಕೆಟ್ಟ ಆ ದಿನವೇ ಸಾಕಮ್ಮನ ಗಂಡ ಹೂಳೆತ್ತಲು ಬಾವಿಗಿಳಿಯುವವರಿದ್ದರು. ಆಕೆ ಕೈ ಒರೆಸಿಕೊಂಡು ಬಂದು, ಗುಂಡುಕಲ್ಲಿನಿಂದ ಚಪ್ಪಡಿ ಕುಟ್ಟಿ ಕಿವಿಯಿಟ್ಟರು. "ಇಳ್ಕಳಿ, ಸದ್ದಿಲ್ಲ" ಎಂದು ಫೋನಿನಲ್ಲಿ ಹೇಳಿ ಒಲೆಯ ಕಡೆ ಹೋದರು. ಇಂಥದ್ದಕ್ಕೆಲ್ಲ ತಲೆದೂಗುವವನಲ್ಲ ನಾನು. ಟೀ ಲೋಟ ಹಿಡಿದು ಅದೇ ಚಪ್ಪಡಿಯ ಮೇಲೆ ಕೂತೆ.

ಲೋಟದಲ್ಲಿ ಟೀ ನಡುಗಿತು. ಆಮೇಲೆ ಕಲ್ಲಿನ ಮೇಲೆ ಊರಿದ್ದ ಅಂಗೈಗೆ ತಿಳಿಯಿತು: ಕೆಳಗಿನಿಂದ ಯಾರೋ ಒಬ್ಬರು ನಿಧಾನವಾಗಿ ಕುಟ್ಟುತ್ತಿದ್ದರು. ಕೂಗಿದೆ. ಸಾಕಮ್ಮ ಬಂದು ಕಲ್ಲಿನ ಮೇಲೆ ಕೈಯಿಟ್ಟು ನೋಡಿದವರೇ ಗಂಡನಿಗೆ ಫೋನು ಮಾಡಿದರು.

"ಎತ್ತುತಿಲ್ವಲ್ಲಪ್ಪ."

ಫೋನು ರಿಂಗಾಗುತ್ತಲೇ ಇತ್ತು. ಕಲ್ಲಿನ ಕೆಳಗೆ ಈಗ ಇಬ್ಬರು ಕುಟ್ಟುತ್ತಿದ್ದರು.