ಸಾವ್ಕಾರ್ರ ಕಾಲ್ಬೆರಳು

ದಾವಣಗೆರೆಯ ಯಾವ ಕಲ್ಯಾಣ ಮಂಟಪದಲ್ಲಿ ಯಾವತ್ತು ಮದುವೆ ಎನ್ನುವುದು, ಮದುವೆ ಮಾಡಿಸುವ ಅಯ್ಯನವರಿಗಿಂತ ಮೊದಲು ಕರಿಬಸವರಾಜನಿಗೆ ಗೊತ್ತಿರುತ್ತಿತ್ತು. ತೊಳೆದ ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೊಂದು ಮಡಿಚಿದ ಟವೆಲ್ಲು. ಇಷ್ಟಿದ್ದರೆ ಸಾಕು, ನಮ್ಮ ಕಡೆ ಮದುವೆಯಲ್ಲಿ ಬಾಗಿಲಿಗೆ ನಿಂತವರು ಯಾರ ಕಡೆಯವರು ಅಂತ ಕೇಳುವುದಿಲ್ಲ. ‘ಬರ್ರಿ ಯಜಮಾನ್ರೇ, ಮೊದ್ಲು ಊಟ ಮುಗಿಸ್ರಿ’ ಅಂತ ಕೈ ಹಿಡಿದು ಕರೆದೊಯ್ದು ಎಲೆಯ ಮುಂದೆ ಕೂರಿಸುತ್ತಾರೆ. ಆ ಒಂದು ಮಾತಿಗಾಗಿ ಈ ಅರವತ್ತೈದರ ಮನುಷ್ಯ ಹರಿಹರದಿಂದ ಬರುತ್ತಿದ್ದ. ಹೋಳಿಗೆ ಆಮೇಲಿನ ಮಾತು.

ಮಠದ ದಾಸೋಹಕ್ಕೆ ಹೋಗಿದ್ದರೆ ಎರಡು ಹೊತ್ತೂ ಬಿಸಿ ಅನ್ನ ಸಿಗುತ್ತಿತ್ತು. ಹೋಗಬೇಕಲ್ಲ! ಅವನ ಅಜ್ಜ ಅಲ್ಲಿಗೆ ಗಾಡಿಗಟ್ಟಲೆ ಅಕ್ಕಿ ಕಳಿಸಿದವನಂತೆ. ಮೊಮ್ಮಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಅಜ್ಜನ ಮಾನ ಹೋಗುತ್ತದಂತೆ. ಸತ್ತು ನಲವತ್ತು ವರ್ಷವಾದ ಅಜ್ಜನ ಮಾನ ಕಾಯುತ್ತ ಬದುಕಿರುವ ಮೊಮ್ಮಗ ಎಷ್ಟೋ ದಿನ ಬರೀ ನೀರು ಕುಡಿದು ಮಲಗಿದ್ದ. ಏನು ಹೇಳೋಣ ಇಂಥವರಿಗೆ?

ಒಂದು ಕಾಲಕ್ಕೆ ಅವನಿಗೆ ಮೆಣಸಿನಕಾಯಿ ಮಂಡಿ ಇತ್ತು, ಆನೆಕೊಂಡದಲ್ಲಿ ಮಹಡಿ ಮನೆ ಇತ್ತು. ಮಂಡಿ ಮುಳುಗಿತು, ಮನೆ ಕೈಬಿಟ್ಟಿತು, ಹೆಂಡತಿ ತೀರಿಕೊಂಡಳು. ಮಕ್ಕಳಾಗಿರಲಿಲ್ಲ. ನಿಟ್ಟುವಳ್ಳಿಯಲ್ಲಿದ್ದ ತಮ್ಮ ಕೊಟ್ಟೂರೇಶ್ ಕರೆದುಕೊಂಡು ಹೋಗಿ ಮೇಲಿನ ರೂಮು ಕೊಟ್ಟ, ಮರ್ಯಾದೆಯಿಂದಲೇ ನೋಡಿಕೊಂಡ. ಒಂದು ಬೆಳಿಗ್ಗೆ ಬೀಗರು ಬಂದು ಕೂತಿದ್ದಾಗ ತಮ್ಮನ ಹೆಂಡತಿ, ‘ಭಾವಾರೇ, ಒಂದು ಹಾಲಿನ ಪ್ಯಾಕೆಟ್ ತಂದ್ಕೊಡ್ರಿ’ ಅಂದಳು. ಅಷ್ಟೇ ಅಂದದ್ದು. ಬೀಗರ ಎದುರಿಗೆ ತನ್ನನ್ನು ಆಳು ಮಾಡಿದಳು ಅಂತ ಇವನ ಮೈಯೆಲ್ಲ ಉರಿದುಹೋಯಿತು. ಹಾಲು ತಂದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದವನು ಏಳು ವರ್ಷವಾದರೂ ಆ ಬೀದಿ ತುಳಿಯಲಿಲ್ಲ. ತಮ್ಮ ಊರೆಲ್ಲ ಹುಡುಕಿ ಸೋತ. ದಾವಣಗೆರೆಯಲ್ಲಿ ಮಲಗಿದರೆ ಗುರುತಿನವರು ನೋಡುತ್ತಾರೆ ಅಂತ ಇವನು ಹರಿಹರ ಸೇರಿದ. ಹೊಳೆ ದಂಡೆಯ ಹತ್ತಿರ ಬಾಗಿಲು ಹಾಕಿದ್ದ ಒಂದು ಅಂಗಡಿಯ ಕಟ್ಟೆಯೇ ಮನೆಯಾಯಿತು.

ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಹಜೀರಾಬೀ ಮಲಗುತ್ತಿದ್ದಳು. ಬೀಡಿ ಕಟ್ಟಿ ಕಟ್ಟಿ ಕಣ್ಣು ಮಂಜಾದ ಮೇಲೆ ದರ್ಗಾದ ಬಾಗಿಲಲ್ಲಿ ಕೂತು ಕೈ ಚಾಚುವ ಮುದುಕಿ. ಅವಳಿಗೆ ಮುಚ್ಚುಮರೆಯೇ ಇರಲಿಲ್ಲ. ಕೊಟ್ಟರೆ ತಿಂದಳು, ಇಲ್ಲದಿದ್ದರೆ ಇಲ್ಲ. ‘ಅಣ್ಣಾರ, ಇವತ್ತು ಯಾರ್ ಮದಿವಿ ಉಂಡ್ಕಂಡು ಬಂದ್ರಿ?’ ಅಂತ ದಿನಾ ಛೇಡಿಸುತ್ತಿದ್ದಳು. ಜ್ವರ ಬಂದಾಗ ಅವನಿಗೆ ಗಂಜಿ ಕಾಸಿಕೊಟ್ಟವಳೂ ಅವಳೇ. ಹಗಲಲ್ಲಿ ಅವಳು ಎದುರಾದರೆ ಮಾತ್ರ ಅವನು ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದ.

ಈ ಸಲದ ಲಗ್ನಗಳ ಕಾಲದಲ್ಲಿ ಅವನ ಎಡಗಾಲಿನ ಹೆಬ್ಬೆರಳಿಗೆ ಒಂದು ಕಲ್ಲು ತಾಗಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಒಣಗಲಿಲ್ಲ. ಬೆರಳು ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಆಮೇಲೆ ಕಪ್ಪಾಯಿತು. ನೋವಿಲ್ಲವಲ್ಲ ಅಂತ ಅವನು ಅದನ್ನು ಯಾರೋ ಬಿಟ್ಟುಹೋದ ಬೂಟಿನೊಳಗೆ ತುರುಕಿ ಮದುವೆಗಳಿಗೆ ಹೋದ. ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳತೊಡಗಿದರು. ‘ಎಲ್ಲೋ ಹೆಗ್ಗಣ ಸತ್ತೈತೆ ನೋಡ್ರಿ’ ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನು ಇವನೇ! ಕಟ್ಟೆಯ ಸುತ್ತ ಬೀದಿ ನಾಯಿಗಳು ಬಂದು ಅವನ ಕಾಲ ಕಡೆಗೆ ಕೂರುವುದು ಶುರುವಾಯಿತು. ಓಡಿಸಿದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಅಲ್ಲೇ ಕೂರುತ್ತಿದ್ದವು.

ಒಂದು ಬೆಳಿಗ್ಗೆ ಹಜೀರಾಬೀ ಎದುರಿಗೆ ಬಂದು ನಿಂತಳು. ‘ಬೂಟು ಬಿಚ್ರಿ ಅಣ್ಣಾರ.’

‘ಏನಿಲ್ಲ. ಎಲ್ಲೋ ಇಲಿ ಸತ್ತಿರ್ಬೇಕು.’

‘ಹೌದೌದು, ನಿಮ್ ಬೂಟಿನಾಗೇ ಬಂದು ಸತ್ತೈತೆ. ಬಿಚ್ರಿ!’

ಬಿಚ್ಚಿದ. ಅವಳು ‘ಯಾ ಅಲ್ಲಾ’ ಅಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವನ ರಟ್ಟೆ ಹಿಡಿದು ಎಬ್ಬಿಸಿ, ಬಸ್ಸು ಹತ್ತಿಸಿ, ದಾವಣಗೆರೆಯ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ತಂದು ಕೂರಿಸಿದಳು.

ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ, ‘ನೋವಾಗ್ತದಾ?’ ಅಂತ ಕೇಳಿದರು. ‘ಒಂಚೂರೂ ಇಲ್ರಿ’ ಅಂತ ಇವನು ಹೆಮ್ಮೆಯಿಂದ ಹೇಳಿದ.

‘ಅದೇ ಕೆಟ್ಟದ್ದು. ಸಾಯಂಕಾಲ ಬೆರಳು ತೆಗೀಬೇಕು. ನಾಳೆ ಅಂದ್ರೆ ಮೊಣಕಾಲ ತನಕ ಹೋಗ್ತದೆ. ನಾಡಿದ್ದು ಅಂದ್ರೆ ನನ್ನ ಕೈಯಾಗೆ ಇರಲ್ಲ. ನಿಮ್ಮ ಕಡೆಯೋರು ಒಬ್ರು ಸಹಿ ಹಾಕಿ ಜೊತೆಗೆ ಇರ್ಬೇಕು.’

‘ಯಾರೂ ಇಲ್ದಿದ್ರೂ ನಡೀತದೆ ಯಜಮಾನ್ರೇ,’ ಅಂದಳು ಪಕ್ಕದಲ್ಲಿದ್ದ ನರ್ಸ್ ಲಕ್ಷ್ಮೀದೇವಿ. ‘ದಿಕ್ಕಿಲ್ಲದವರು ಅಂತ ಬರ್ಕೊಂಡು ನಾವೇ ಮಾಡ್ತೀವಿ. ಬರೀಲಾ?’

ದಿಕ್ಕಿಲ್ಲದವರು! ಕರಿಬಸವರಾಜನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೂರು ತಲೆಮಾರು ಮಂಡಿ ನಡೆಸಿದ ಮನೆತನದ ಹೆಸರಿನ ಪಕ್ಕ ಆ ಮಾತೇ? ‘ಬ್ಯಾಡ, ಬ್ಯಾಡ. ನಮ್ಮೋರು ಬರ್ತಾರೆ’ ಅಂದುಬಿಟ್ಟ.

ಹೊರಗೆ ಬಂದ ಮೇಲೆ ಹಜೀರಾಬೀ ಅಂದಳು: ‘ನಾ ತಂಗಿ ಅಂತ ಹೆಬ್ಬೆಟ್ಟು ಒತ್ತೀನಿ. ನೀವು ಹೂಂ ಅನ್ರಿ, ಸಾಕು. ಆಧಾರ್ ಹರಿಹರದಾಗೆ ಚಾದಂಗಡಿಯಾಗೆ ಇಟ್ಟೀನಿ. ಅದಿದ್ರೆ ಹೆಂಗಸ್ರಿಗೆ ಬರೋವಾಗ ಬಸ್ಸೂ ಫ್ರೀ. ನಾಕು ಗಂಟೆ ಒಳಗೆ ಬರ್ತೀನಿ.’ ಅವನು ತಲೆಯಾಡಿಸಿದ. ತಂಗಿ ಎಂಬ ಮಾತು ಅಷ್ಟು ಹಿತವಾಗಿತ್ತು, ನಿಜವಾಗಿ ಹಿತವಾಗಿತ್ತು.

ಅವಳು ಹೋದಳು. ಇವನಿಗೆ ಸಣ್ಣಗೆ ಚಳಿ ಹತ್ತಿತು. ಕಾಲು ಭಾರವಾಗಿ, ತನ್ನದಲ್ಲದ್ದೇನೋ ಮೈಗೆ ಅಂಟಿಕೊಂಡಂತೆ ಬೆಂಚಿನ ಕೆಳಗೆ ಇಳಿಬಿದ್ದಿತ್ತು. ಮೂರೂವರೆ ಗಂಟೆಯ ಹೊತ್ತಿಗೆ ಒಬ್ಬ ಮುದುಕ ಕಾರಿಡಾರಿನಲ್ಲಿ ಹೋಗುತ್ತಿದ್ದವನು ಗಕ್ಕನೆ ನಿಂತು, ಬಗ್ಗಿ ಇವನ ಮುಖ ನೋಡಿದ.

‘ಸಾವ್ಕಾರ್ರೇ! ನಾನ್ರೀ, ಸಣ್ಣಬೀರಪ್ಪ. ನಿಮ್ ಮಂಡಿಯಾಗೆ ಚೀಲ ಹೊರ್ತಿದ್ನಲ್ಲ!’ ಹೆಗಲ ಟವೆಲ್ಲು ತೆಗೆದು ಕಂಕುಳಿಗಿಟ್ಟುಕೊಂಡು ಕೈ ಮುಗಿದ. ‘ಮಗಳ ಬಾಣಂತನಕ್ಕೆ ಬಂದೀನ್ರಿ. ತಾವೇನ್ರೀ ಇಲ್ಲಿ?’

ಸಾವ್ಕಾರ್ರೇ. ಅಯ್ಯೋ, ಆ ಮಾತು ಕಿವಿಗೆ ಬೀಳುತ್ತಿದ್ದಂತೆ ಈ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. ಪಂಚೆಯಿಂದ ಕಾಲು ಮುಚ್ಚಿಕೊಂಡ. ‘ಏನಿಲ್ಲೋ ಬೀರ, ಸುಮ್ನೆ ತೋರ್ಸಾಕೆ ಬಂದೀನಿ. ಮಗ ಕಾರು ನಿಲ್ಸಾಕೆ ಹೋಗ್ಯಾನೆ.’

‘ಓಹೋ, ಸಣ್ಣ ಸಾವ್ಕಾರ್ರು ಅದಾರಾ? ನಾ ಮಂಡಿ ಬಿಟ್ ಮ್ಯಾಲೆ ಹುಟ್ಟಿರ್ಬೇಕು. ನೋಡ್ಕಂಡೇ ಹೋಗ್ತೀನ್ರಿ.’

‘ನೀ ಹೋಗೋ, ಮಗಳು ಕಾಯ್ತಿರ್ತಾಳೆ.’

‘ಕಾಯ್ಲಿ ಬಿಡ್ರಿ. ತಮ್ಮ ಉಪ್ಪು ತಿಂದೀನಿ,’ ಅಂದು ಅವನು ಗೋಡೆಗೆ ಒರಗಿ ನಿಂತೇಬಿಟ್ಟ.

ನಾಲ್ಕಕ್ಕೆ ಐದು ನಿಮಿಷ ಇರುವಾಗ, ಸಣ್ಣಬೀರಪ್ಪ ‘ನಿಮ್ ಮಗ ಇನ್ನೂ ಬರ್ಲಿಲ್ಲಲ್ರಿ’ ಅನ್ನುತ್ತಿದ್ದಂತೆಯೇ ಹಜೀರಾಬೀ ಏದುಸಿರು ಬಿಡುತ್ತ ಬಂದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡು. ಹಿಂದೆಯೇ ನರ್ಸ್ ಲಕ್ಷ್ಮೀದೇವಿ ಫೈಲು ಹಿಡಿದು ಬಂದಳು. ಕಾರ್ಡು ನೋಡಿದಳು, ಮುದುಕಿಯನ್ನು ನೋಡಿದಳು, ಅವಳ ಮುಖದಲ್ಲಿ ತಕರಾರೇನೂ ಕಾಣಲಿಲ್ಲ.

‘ಇವ್ರು ತಂಗಿ ಅಂತಾರೆ. ಒಡಹುಟ್ಟಿದೋರೇ ಆಗ್ಬೇಕು ಅಂತೇನಿಲ್ಲ, ನೀವು ನಮ್ಮೋರು ಅಂದ್ರೆ ಆತು. ಡಾಕ್ಟ್ರು ರೆಡಿ ಅದಾರೆ. ಹೇಳ್ರಿ ಯಜಮಾನ್ರೇ, ಇವ್ರು ನಿಮಗೇನಾಗ್ಬೇಕು?’

ಸಣ್ಣಬೀರಪ್ಪ ಕಣ್ಣರಳಿಸಿ ಹಜೀರಾಬೀಯ ಹರಿದ ಸೀರೆಯನ್ನು ನೋಡಿದ, ಆಮೇಲೆ ಸಾವ್ಕಾರನನ್ನು ನೋಡಿದ. ಒಂದು ಹೂಂ ಸಾಕಾಗಿತ್ತು. ಗಂಟಲ ತನಕ ಬಂದಿತ್ತು ಕೂಡ.

‘ನಮ್ಮನ್ಯಾಗೆ ಮುಸುರೆ ತೊಳೀತಿದ್ದಾಕೆ,’ ಅಂದ ಕರಿಬಸವರಾಜ. ‘ಪಾಪ, ನನ್ ಮ್ಯಾಲೆ ಅಭಿಮಾನ.’

ಹಜೀರಾಬೀ ಅವನ ಮುಖವನ್ನೇ ನೋಡಿದಳು. ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾರ್ಡನ್ನು ಚೀಲದಲ್ಲಿ ಸುತ್ತಿ, ಕುಪ್ಪಸದೊಳಗೆ ಇಟ್ಟುಕೊಂಡಳು.

‘ಹೌದ್ರಿ ಸಿಸ್ಟರಮ್ಮ, ಕೆಲ್ಸದಾಕಿ ನಾನು,’ ಅಂದಳು. ಆಮೇಲೆ ಅವನ ಕಡೆ ತಿರುಗಿ, ‘ನಿಮ್ ಮಗ ಬೇಗ ಬರ್ಲಿ ಅಣ್ಣಾರ’ ಅಂದು ಹೊರಟಳು. ಅವನಿಗೆ ಮಗನಿಲ್ಲ ಅಂತ ಅಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಕೂಗಿದ್ದರೆ ನಿಲ್ಲುತ್ತಿದ್ದಳು. ಅವನು ಕೂಗಲಿಲ್ಲ.

‘ಮಗ ಕಾಣ್ತಿಲ್ಲ, ಹಂಗಾದ್ರೆ ಯಾರೂ ಇಲ್ಲ ಅಂತ ಬರ್ಕೊಳ್ಳಲಾ?’ ಅಂತ ನರ್ಸ್ ಕೊನೆಯ ಸಲ ಕೇಳಿದಳು. ‘ಹೊತ್ತಾಗ್ತೈತೆ ಯಜಮಾನ್ರೇ.’

‘ಥೂ, ಏನ್ ಮಾತಾಡ್ತೀರಮ್ಮ ನೀವು!’ ಸಣ್ಣಬೀರಪ್ಪನಿಗೆ ಸಿಟ್ಟೇ ಬಂತು. ‘ಇವ್ರು ಯಾರಂತ ಮಾಡೀರಿ? ಮಗ ಕಾರ್ ತಗಂಡು ಬಂದಾರೆ. ಸಾವ್ಕಾರ್ರೇ, ಸಣ್ಣ ಸಾವ್ಕಾರ್ರ ಹೆಸರೇನ್ರಿ? ನಾ ಗೇಟಿನ ತನಕ ಹೋಗಿ ಕರ್ಕಂಡು ಬರ್ತೀನಿ.’

ಕರಿಬಸವರಾಜನ ಹಲ್ಲು ಕಟಕಟ ಅನ್ನುತ್ತಿದ್ದವು.

‘ಶಿವಕುಮಾರ,’ ಅಂದ.

ಸಣ್ಣಬೀರಪ್ಪ ಗೇಟಿನ ಕಡೆ ಓಡಿದ. ಲಕ್ಷ್ಮೀದೇವಿ ಫೈಲಿನ ಮೇಲೆ ‘ಮಗ ಶಿವಕುಮಾರ, ಬಂದ ಮೇಲೆ’ ಅಂತ ಬರೆದು, ಅದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟು, ಮುಂದಿನವರ ಹೆಸರು ಕೂಗಿದಳು.